ಕೂಸಿನ ಗಾಡಿ ಹೊಳೆ ನೋಡಕ್ ಓಗಿದ್ದು

ನಮ್ ಬೀದೀಲಿ ಇಂತವು ನಡೀತಾನೇ ಇರ್ತವೆ. ನಾನೇನೂ ಹುಡ್ಕೊಂಡ್ ಓಗಾಕಿಲ್ಲ. ಬಾಗ್ಲಲ್ಲಿ ಸೊಪ್ಪು ಸೋಸ್ಕೊಂಡ್ ಕುಂತಿರ್ತೀನಿ, ಅವೇ ಬಂದು ನನ್ ಮುಂದೆ ಬಿದ್ಕತವೆ. ಕಂಡಿದ್ನ ಏಳ್ದೆ ಇಟ್ಕೊಂಡ್ರೆ ನಂಗೆ ಉಂಡಿದ್ದು ಅರಗಾಕಿಲ್ಲ. ಈಗ ಏಳೋದು ಹೊಳೇನರಸೀಪುರದಾಗೆ ನಮ್ ಬೀದಿಗೆ ಕೂಸಿನ ಗಾಡಿ ಬಂದಿದ್ರ ಕತೆ. ಗೊರೂರಲ್ಲಿ ಆವಾಗಿನ್ನೂ ಕಟ್ಟೆ ಕಟ್ಟಿರ್ನಿಲ್ಲ, ಹೊಳೆ ತನ್ನಿಷ್ಟಕ್ಕೆ ತಾನು ಅರೀತಿತ್ತು.

೧. ಗಾಡಿ ಬಂತು

ನಮ್ ಪಕ್ಕದ್ ಮನೇಲಿ ಇದ್ದಿದ್ದು ಮೂರೂವರೆ ಜನ. ರಸ್ತೆ ಕೆಲ್ಸದ ಓವರ್ಸೀರು, ಅವ್ನ ಎಂಡ್ತಿ, ಅವ್ನ ತಾಯಿ, ಐದ್ ತಿಂಗಳ ಕೂಸು. ತಾಯಿ ಅಂದ್ರೆ ಇಷ್ಟೇ ಇಷ್ಟು, ಮೊರದಲ್ಲಿ ಮಡಗಿ ಕೇರ್ಬೋದು. ಗಂಟ್ಲು ಮಾತ್ರ ಅರಕಲಗೂಡಿಗ್ ಕೇಳ್ಸೋದು. ನಾನು ದೊಡ್ಡವ್ವ ಅಂತ ಕರೀತಿದ್ದೆ, ಎದ್ರಿಕೇಗೆ.

ಸೊಸೆ ಗೊರೂರಿನೋಳು, ಹೊಳೆ ದಂಡೇಲೇ ಬೆಳ್ದೋಳು. ಅದೇ ಹೇಮಾವತಿ ಗೊರೂರಿಂದ ಇಳ್ದು ನಮ್ಮೂರಿಗೆ ಬತ್ತದೆ. ನಮ್ ಬೀದೀಲಿ ಎಲೆ ಅಡ್ಕೆ ಬಾಯಿಗಾಕ್ಕೊಂಡು ಹೊರಟ್ರೆ ಉಗಿಯೋ ಹೊತ್ಗೆ ಹೊಳೆ ಸಿಕ್ತದೆ. ಆದ್ರೆ ಮದ್ವೆಯಾಗಿ ಎರಡ್ ವರ್ಸ ಆಗಿ, ಬಾಣಂತನಾನೂ ಇಲ್ಲೇ ಮುಗ್ದಿದ್ರೂ ಆ ಉಡ್ಗಿ ಹೊಳೆ ಕಂಡಿರ್ನಿಲ್ಲ. ನೀರಿಗೆ ಹಿತ್ಲಲ್ಲಿ ಬಾವಿ ಐತೆ, ಬಟ್ಟೆಗೆ ಮಡಿವಾಳ ಬತ್ತಾನೆ, ಮನೆ ಸೊಸೆಗೆ ಹೊಳೇಲೇನ್ ಕೆಲ್ಸ ಅನ್ನೋದು ದೊಡ್ಡವ್ವನ ಕಾನೂನು. ಸಾಯಂಕಾಲ ಆಯ್ತು ಅಂದ್ರೆ ಉಡ್ಗಿ ಹಿತ್ಲ ಗ್ವಾಡೆಗೆ ಗಲ್ಲ ಊರ್ಕೊಂಡು ನಿಂತ್ಕಳೋದು. ಗಾಳಿ ಬೀಸ್ದಾಗ ಕಣ್ ಮುಚ್ಕಳೋದು.

ಏನೇ ಮಾಡ್ತಿದ್ದೀಯ ಅಂತ ಒಂದ್ಸಲ ಕೇಳ್ದೆ.

"ಅಕ್ಕ, ನಮ್ಮವ್ವ ಬೆಳಿಗ್ಗೆ ಪಾತ್ರೆ ತೊಳ್ದ ನೀರು ಈಗ ನಿಮ್ಮೂರ್ ತಾವ ಬಂದಿರ್ತದೆ" ಅಂದ್ಲು.

ಅಂಗಂದಾಗ ನಂಗೂ ಒಂದ್ ಗಳಿಗೆ ಕೈಯಲ್ಲಿದ್ದ ಸೊಪ್ಪು ಮರ್ತೋಯ್ತು.

ಅದೇ ಸುಮಾರಿಗೆ ಓವರ್ಸೀರು ಸಕ್ಲೇಶ್ಪುರದ ಕಡೆ ಕೆಲ್ಸಕ್ಕೋಗಿದ್ದೋನು ಬಸ್ಸಿನ್ ಮ್ಯಾಲೆ ಒಂದ್ ಗಾಡಿ ಕಟ್ಟುಸ್ಕೊಂಡ್ ಬಂದ. ಯಾವ್ದೋ ಕಾಫಿ ತ್ವಾಟದ ದೊರೆ ಮನೆ ಖಾಲಿ ಮಾಡಿ ತನ್ ದೇಶಕ್ಕೆ ಓಗೋವಾಗ ಮಾರಿದ್ದಂತೆ. ನಾಕು ದೊಡ್ ಚಕ್ರ, ಮ್ಯಾಲೆ ಮಡ್ಸೋ ಕರೀ ಟಾಪು, ಸೊಳ್ಳೆ ಪರದೆ, ಕೆಳ್ಗೆ ಸ್ಪ್ರಿಂಗು. ಒಂದ್ ಬೆಳ್ಳು ಮುಟ್ಟಿದ್ರೆ ಸಾಕು, ನೀರ್ ಮ್ಯಾಲಿನ್ ತೆಪ್ಪದಂಗೆ ತೂಗದು. ಇದ್ರಲ್ಲಿ ಮಗೀನ ಮಲುಗ್ಸಿ ಗಂಡ ಎಂಡ್ತಿ ದಿನಾ ಸಂಜೆ ಗಾಳಿಗೆ ಓಗ್ಬೇಕು, ದೊರೆಗಳು ಅಂಗೇ ಮಾಡೋದು ಅಂತ ಓವರ್ಸೀರು ಬೀದಿಗೆಲ್ಲ ಏಳ್ದ. ಎಲ್ರೂ ಗಾಡಿ ನೋಡಿದ್ರು. ಉಡ್ಗಿ ಗಾಡಿ ನೋಡ್ನಿಲ್ಲ, ಬೀದಿ ತುದಿ ನೋಡಿದ್ಲು. ನಂಗೆ ಅಲ್ಲೇ ಗೊತ್ತಾಗೋಯ್ತು.

ದೊಡ್ಡವ್ವ ಗಾಡಿ ಸುತ್ತ ಎರಡ್ ಸುತ್ತು ಬಂದು ಮಗನ್ನ ಕೇಳಿದ್ಲು: "ಎತ್ತೂ ಇಲ್ಲ, ಕುದ್ರೇನೂ ಇಲ್ಲ. ಎಳಿಯೋರ್ ಯಾರ್ಲಾ ಇದ್ನ, ನಿಮ್ಮಪ್ಪ ಎದ್ದು ಬತ್ತಾನಾ?"

೨. ಯಾರ್ ಮುಂದೆ, ಯಾರ್ ಹಿಂದೆ

ನಮ್ಮೂರಲ್ಲಿ ಗಂಡ ಎಂಡ್ತಿ ಬೀದೀಲಿ ಓಗೋದಕ್ಕೆ ಒಂದ್ ಕ್ರಮ ಇತ್ತು. ಗಂಡ ಮುಂದೆ, ಎಂಡ್ತಿ ಹತ್ ಮಾರು ಹಿಂದೆ. ಅಕ್ಕಪಕ್ಕ ನಡ್ಯೋರು ನಾಟ್ಕದೋರು. ಇಷ್ಟ್ ವರ್ಸ ಸಂಸಾರ ಮಾಡಿದೀನಿ, ನಮ್ ಯಜಮಾನ್ರ ಮುಖಕ್ಕಿಂತ ಅವ್ರ ಬೆನ್ನೇ ನಂಗೆ ಚೆಂದಾಗ್ ಗೊತ್ತು.

ಈಗ ಗಾಡಿ ಯಾರ್ ತಳ್ಬೇಕು. ಓವರ್ಸೀರು ತಳ್ಳಿದ್ರೆ ಅವ್ನ ಕೈ ಕೆಳ್ಗಿನ ಕೂಲಿಯೋರು ಕಂಡು ನಗ್ತಾರೆ. ಅದ್ಕೆ ಎಂಡ್ತಿ ತಳ್ಳೋದು, ತಾನು ಛತ್ರಿ ಹಿಡ್ಕೊಂಡು ಮುಂದೆ ಓಗೋದು ಅಂತ ತೀರ್ಮಾನ ಆಯ್ತು. ಮೊದಲ್ನೇ ಸಂಜೆ ನಾನೂ ಒಲೆ ಆರ್ಸಿ ಹಿಂದೇನೇ ಹೊರಟೆ. ಪಕ್ಕದ್ಮನೆಯೋರು ಅಂದ್ಮೇಲೆ ಅಷ್ಟೂ ಬ್ಯಾಡ್ವಾ.

ನಮ್ ಬೀದಿ ಆಸ್ಪತ್ರೆ ಕಡೀಕೆ ಇಳಿಜಾರು. ಗಾಡಿಗೇನ್ ಗೊತ್ತು ಊರಿನ್ ಕ್ರಮ, ಇಳಿಜಾರು ಸಿಕ್ತಿದ್ದಂಗೆ ತಂತಾನೇ ಓಡಕ್ಕೆ ಸುರು ಮಾಡ್ತು. ಉಡ್ಗಿ ಬುಡಂಗಿಲ್ಲ, ಹಿಡ್ಕೊಂಡು ಹಿಂದೆ ಓಡಿದ್ಲು. ಇನ್ನೇನ್ ಗಂಡನ್ನ ದಾಟ್ಬುಡ್ಬೇಕು. ಎಂಡ್ತಿ ಮುಂದೋದ್ರೆ ಮರ್ವಾದೆ ಉಳೀತದಾ, ಓವರ್ಸೀರೂ ಓಡ್ದ. ಗಾಡಿ ಜೋರಾದಂಗೆಲ್ಲ ಅವ್ನೂ ಜೋರು, ಪಂಚೆ ಎತ್ಕಟ್ಟಿ, ಛತ್ರಿ ಕಂಕ್ಳಲ್ಲಿ ಸಿಗಸ್ಕೊಂಡು. ಜಗ್ಲಿ ಮ್ಯಾಲಿದ್ದೋರು ಕಂಡ್ರು. ಕೂಸಿಗೇನೋ ಆಗೋಗೈತೆ, ಆಸ್ಪತ್ರೆಗೆ ಓಡ್ತಾವ್ರೆ ಅನ್ಕೊಂಡು ಅವ್ರೂ ಎದ್ದು ಓಡಿದ್ರು. ಆಸ್ಪತ್ರೆ ಬಾಗ್ಲಲ್ಲಿ ಗಾಡಿ ನಿಂತಾಗ ನಾವು ಇಪ್ಪತ್ ಜನ ಆಗಿದ್ವಿ.

ಕಾಂಪೌಂಡ್ರು ಈಚೆ ಬಂದು ಗಾಡಿ ಒಳ್ಗೆ ಬಗ್ಗಿ ನೋಡ್ದ. ಕೂಸು ಬೆಳ್ಳು ಚೀಪ್ಕೊಂಡು ನಗ್ತಿತ್ತು. ಅವ್ನು ನಮ್ಮನ್ನೆಲ್ಲ ಒಂದ್ಸಲ ನೋಡ್ದ. ಏದುಸ್ರು ಬುಡ್ತಿದ್ದ ಓವರ್ಸೀರ್ನ ಹಿಡ್ಕೊಂಡು ಬೆಂಚಿನ್ ಮ್ಯಾಲೆ ಮಲುಗ್ಸಿ ಔಸ್ದಿ ಕುಡುಸ್ದ.

೩. ದೃಷ್ಟಿ

ಓಡಿದ್ ಸುದ್ದಿ ದೊಡ್ಡವ್ವಂಗೆ ಮುಟ್ತು. ಯಾರ್ ಏಳಿದ್ರೋ ಏನೋ, ನಾನಂತೂ ಬರೀ ಅರ್ಧ ಏಳಿದ್ದೆ. ಊರಿನ್ ಕಣ್ಣೆಲ್ಲ ಕೂಸಿನ್ ಮ್ಯಾಲೆ ಬಿದ್ದೈತೆ, ಇನ್ಮೇಲೆ ಕಾವಲಿಲ್ದೆ ಗಾಡಿ ಬೀದಿಗೆ ಇಳಿಯಂಗಿಲ್ಲ ಅಂದ್ಬುಟ್ಲು.

ಮಾರನೇ ಸಂಜೆ ಕಾವಲು ರೆಡಿ ಆಯ್ತು. ಟಾಪಿಗೆ ನಿಂಬೆಹಣ್ಣು ಮೆಣಸಿನ್ಕಾಯಿ ಸರ. ನಾಕೂ ಕಡೆ ಬೇವಿನ್ ಸೊಪ್ಪು. ಒಳ್ಗೆ ಒಂದ್ ಮೋಟು ಪೊರ್ಕೆ, ಒಂದ್ ಕಬ್ಣದ್ ತುಂಡು, ಒಂದ್ ಹಳೇ ಚಪ್ಪಲಿ. ಸರದ ಹಣ್ಣು ಬಾಡೋದ್ರೆ ದಾರೀಲೇ ಬದ್ಲಾಯ್ಸಕ್ಕೆ ಅಂತ ಒಂದ್ ಬುಟ್ಟಿ ತುಂಬ ನಿಂಬೆಹಣ್ಣು. ಇಷ್ಟೂ ಮಡಗಿ ಆದ್ಮೇಲೆ ನೋಡಿದ್ರೆ ಕೂಸಿಗೇ ಜಾಗ ಇಲ್ಲ. ಅದನ್ನ ಸೊಸೆ ಕಂಕ್ಳಿಗೆ ಕೊಟ್ಟು ಗಾಡೀನ ದೊಡ್ಡವ್ವಾನೇ ತಳ್ಕೊಂಡ್ ಹೊರಟ್ಲು. ಗಾಡಿ ಹಿಂದೆ ಅವ್ಳು ಕಾಣ್ತಾನೇ ಇರ್ನಿಲ್ಲ, ಬೇವಿನ್ ಮರ ಒಂದು ತಂತಾನೇ ನಡ್ಕೊಂಡ್ ಓಯ್ತಿದ್ದಂಗಿತ್ತು.

ಪ್ಯಾಟೆ ಮೂಲೇಲಿ ಯಾರೋ ಒಬ್ಳು ಎಂಗ್ಸು ತಡ್ದು ನಿಲ್ಸಿದ್ಲು. ದಂಡಿಗನಹಳ್ಳಿ ಕಡೆಯಿಂದ ನೆಂಟ್ರ ಮನೀಗ್ ಬಂದಿದ್ದೋಳಂತೆ. ಬೇವಿನ್ ಸೊಪ್ಪು ಕಿತ್ತು ಮೂಸಿ ನೋಡಿದ್ಲು. ಒಂದ್ ನಿಂಬೆಹಣ್ಣು ಎತ್ತಿ ಹಿಸ್ಕಿದ್ಲು. ಎಂಗಮ್ಮ ಕೊಡ್ತೀಯ ಅಂತ ಕೇಳಿದ್ಲು. ಈಗ ಬಿತ್ತು ಬೆಂಕಿ ಅನ್ಕೊಂಡು ನಾನು ಎರಡೆಜ್ಜೆ ಹಿಂದಕ್ ಸರ್ದೆ.

ದೊಡ್ಡವ್ವ ಅವ್ಳನ್ನ ಮೇಲಿಂದ ಕೆಳ್ಗಂಟ ನೋಡಿ, "ಹಿಸುಕ್ಬ್ಯಾಡ ಕಣೆ. ತಗಳಂಗಿದ್ರೆ ತಗ, ನಮ್ ಹಿತ್ಲ ಗಿಡದ್ದು" ಅಂದ್ಲು.

ಮನೀಗ್ ಬರೋ ಹೊತ್ಗೆ ಬುಟ್ಟಿ ಖಾಲಿಯಾಗಿ ಕೂಸಿಗೆ ಜಾಗ ಆಗಿತ್ತು.

೪. ಚೊಂಬು

ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಉಡ್ಗಿ ನಗ್ನಿಲ್ಲ. ಪ್ಯಾಟೆ ಮೂಲೆಯಿಂದ ಹೊಳೆ ಇನ್ನೊಂದೇ ಬೀದಿ, ಅಲ್ಲೀತಂಕ ಓಗಿ ವಾಪಸ್ ಬಂದಿದ್ಲಲ್ಲ. ಮಾರನೇ ದಿನ ಬಾಯ್ಬುಟ್ಟು ಕೇಳೇಬುಟ್ಲು. "ಅತ್ತೆ, ಒಂದೇ ಒಂದ್ಸಲ ಹೊಳೆ ತಂಕ ಓಗಿ ಬತ್ತೀವಿ. ಕೂಸಿಗೂ ತೋರುಸ್ದಂಗಾಯ್ತದೆ." ನಾನು ಉಪ್ಪು ಕೇಳಕ್ಕೆ ಅಂತ ಅಲ್ಲೇ ನಿಂತಿದ್ದೆ.

ದೊಡ್ಡವ್ವ ಬ್ಯಾಡ ಅನ್ನಿಲ್ಲ, ಅದಕ್ಕಿಂತ ಜಾಣತನದ್ ಮಾತಾಡಿದ್ಲು. ಹೊಳೆ ಬೀದಿ ಬರೀ ಗುಂಡಿ, ಕುಲುಕಿದ್ರೆ ಎಳೇ ಕೂಸಿನ್ ಸೊಂಟ ಏನಾಗ್ಬೇಕು. ಗಾಡೀಲಿ ಒಂದ್ ಚೊಂಬು ನೀರು ತುಂಬ್ಸಿ ಮಡಗಿ ಹೊಳೆ ತಂಕ ತಳ್ಳಿ. ಒಂದ್ ತೊಟ್ಟು ತುಳುಕ್ದಂಗೆ ಓಗಿ ಬಂದ್ರೆ ಆಮೇಲೆ ಕೂಸಿನ್ ಮಾತು ಅಂದ್ಲು. ಆ ಬೀದೀಲಿ ಆಳು ತಲೆ ಮ್ಯಾಲೆ ಹೊತ್ರೂ ಚೊಂಬು ತುಳುಕ್ತದೆ ಅಂತ ಅವ್ಳಿಗೆ ಗೊತ್ತಿತ್ತು.

ಆದ್ರೆ ರಸ್ತೆ ಅಂದ್ರೆ ಓವರ್ಸೀರಿನ ಕಸುಬು. ಬೆಳಿಗ್ಗೆ ಖಾಕಿ ಚಡ್ಡಿ ಟೊಪ್ಪಿ ಆಕ್ಕೊಂಡು, ಚೊಂಬು ಮಡಗ್ಕೊಂಡು, ತಾನೇ ಗಾಡಿ ತಳ್ಕೊಂಡ್ ಹೊರಟ. ಕೂಸ್ನ ತಳ್ಳಿದ್ರೆ ಮರ್ವಾದೆ ಓಯ್ತದೆ, ಚೊಂಬು ತಳ್ಳಿದ್ರೆ ಸರ್ಕಾರಿ ಕೆಲ್ಸದಂಗೆ ಕಾಣ್ತದೆ. ನೀರು ತುಳುಕ್ದ ಕಡೆಯೆಲ್ಲ ನಿಂತು ನೆಲಕ್ಕೆ ಸುಣ್ಣದ್ ಗುರ್ತು ಆಕೋನು, ಪುಸ್ತಕದಲ್ಲಿ ಬರ್ಕಳೋನು, ಮುಂದುಕ್ ಓಗೋನು.

ಹೊಳೆ ಬೀದಿಯೋರ್ಗೆ ಎದೆ ಒಡ್ದೋಯ್ತು. ಅಲ್ಲಿ ಎಲ್ರ ಜಗ್ಲೀನೂ ಅರ್ಧಕ್ಕರ್ಧ ರಸ್ತೆ ಮ್ಯಾಲೇ ಐತೆ. ಓವರ್ಸೀರು ಗುರ್ತು ಆಕ್ತಾವ್ನೆ ಅಂದ್ರೆ ರಸ್ತೆ ಅಗಲ ಮಾಡಿ ಜಗ್ಲಿ ಒಡೀತಾರೆ ಅಂತ ಗುಸುಗುಸು. ಯಾಕ್ ಬಂದವ್ನೆ ಅಂತ ನನ್ ಕೇಳಿದ್ರು. ನಂಗೇನ್ ಗೊತ್ತಪ್ಪ, ಗುಂಡಿ ಇರೋ ಮನೆ ಮುಂದೇನೇ ಬರ್ಕತಾವ್ನೆ ಅಂದೆ. ಸುಳ್ಳೇನ್ ಏಳ್ನಿಲ್ಲ.

ಎರಡೇ ದಿನ. ಅವ್ರವ್ರ ಮನೆ ಮುಂದಿನ್ ಗುಂಡಿ ಅವ್ರವ್ರೇ ಮುಚ್ಚಿದ್ರು. ಹೆಂಚಿನ್ ಚೂರು ತುಂಬಿ, ಮಣ್ಣಾಕಿ, ದಿಮ್ಮೀಲಿ ಬಡ್ದು, ಮೋರಿ ಚಪ್ಪಡಿ ಸರಿ ಮಾಡಿ, ಮ್ಯಾಲೆ ಸಗಣಿ ನೀರೂ ಚಿಮುಕ್ಸಿದ್ರು. ಬೀದಿ ಒಳ್ಳೆ ಕಣ ಬಳ್ದಂಗಾಯ್ತು. ಮೂರನೇ ದಿನ ಓವರ್ಸೀರು ಮತ್ತೆ ಗಾಡಿ ತಂದ. ಎಲ್ರೂ ಉಸ್ರು ಹಿಡ್ಕೊಂಡು ಜಗ್ಲಿ ಮ್ಯಾಲೆ ಎದ್ ನಿಂತಿದ್ರು. ಒಂದ್ ತೊಟ್ಟು ತುಳುಕ್ನಿಲ್ಲ. ಪುಸ್ತಕ ಮಡ್ಚಿ ಜೇಬಿಗಾಕ್ಕೊಂಡು ತಿರುಗ್ದಾಗ, ಒಬ್ಬ ಮುದುಕಪ್ಪ ಚೊಂಬಿಗೇ ಕೈ ಮುಗ್ದು ತೀರ್ಥ ಕೇಳ್ದ.

೫. ಹೊಳೆ

ದೊಡ್ಡವ್ವ ಮಾತು ತಪ್ಪೋಳಲ್ಲ. ಓಗಿ ಅಂದ್ಲು. ನಾನೂ ಬತ್ತೀನಿ ಅಂತ ಸೇರುಸ್ಬುಟ್ಲು. ಉಡ್ಗಿ ಮುಖ ಅರಳ್ದಿದ್ದು ಅಂಗೇ ಬಾಡ್ತು. ದೊಡ್ಡವ್ವ ಜೊತೇಲಿ ಓದ್ರೆ ಹೊಳೇನ ದೂರ್ದಿಂದ ತೋರ್ಸಿ ತಿರುಗ್ಸಿ ಕರ್ಕೊಂಡ್ ಬತ್ತಾಳೆ ಅಂತ ನಂಗೂ ಗೊತ್ತಿತ್ತು.

ಅಂಗೇ ಆಯ್ತು. ಬೀದಿ ಮುಗ್ದು ಮರಳು ಸಿಕ್ತಿದ್ದಂಗೆ ಗಾಡಿ ಚಕ್ರ ಹೂತ್ಕೊಂಡ್ವು. ನೀರು ಇನ್ನೂ ಒಂದ್ ಕಲ್ಲೆಸೆಯೋ ದೂರ. ಸೂರ್ಯ ಮುಳುಗೋ ಹೊತ್ತು, ಹೊಳೆ ಪೂರ್ತಿ ಬೆಲ್ಲದ್ ಪಾಕ ಸುರ್ದಂಗೆ, ಅರೀತೈತೋ ನಿಂತೈತೋ ಗೊತ್ತಾಗ್ತಿರ್ನಿಲ್ಲ. ಸಾಕು, ನೋಡಾಯ್ತಲ್ಲ, ತಿರುಗ್ಸಿ ಅಂದ್ಲು ದೊಡ್ಡವ್ವ. ಉಡ್ಗಿ ಕೂಸ್ನ ಎತ್ಕೊಂಡು ಸುಮ್ನೆ ನಿಂತಿದ್ಲು. ಒಂದ್ ಎಜ್ಜೇನೂ ಇಡ್ನಿಲ್ಲ, ಮುಂದುಕ್ಕೂ ಇಲ್ಲ, ಹಿಂದುಕ್ಕೂ ಇಲ್ಲ.

ಅಷ್ಟೊತ್ಗೆ ದೊಡ್ಡವ್ವಂಗೆ ಮಂಡಿ ನೋವು ಬಂತು. ಕುಂತ್ಕಳಾನ ಅಂದ್ರೆ ಒದ್ದೆ ಮರಳು. ಓವರ್ಸೀರು, ಒಂದ್ ಗಳಿಗೆ ಇದ್ರಲ್ಲಿ ಕುಂತ್ಕೊಂಡು ಸುದಾರಿಸ್ಕೊ ಅವ್ವ ಅಂತ, ಅವ್ಳು ಬ್ಯಾಡ ಬ್ಯಾಡ ಅನ್ನೋದ್ರೊಳ್ಗೆ ಎತ್ತಿ ಗಾಡೀಲಿ ಕೂರುಸ್ಬುಟ್ಟ. ಒಳ್ಳೆ ಅಳತೆ ತಗಂಡು ಮಾಡ್ಸಿದಂಗೆ ಕುಂತ್ಲು. ಕುಂತಿದ್ದೇ ಬೈಯಕ್ ಸುರು ಮಾಡಿದ್ಲು, ಮಗನ್ನ, ಸೊಸೇನ, ದೊರೇನ, ನನ್ನೂ ಬುಡ್ನಿಲ್ಲ. ಮಗ ಬೈಸ್ಕೊಳ್ತಾ ಅಭ್ಯಾಸದ್ ಮ್ಯಾಲೆ ಗಾಡಿ ಹಿಡಿ ಹಿಡ್ಕೊಂಡು ತೂಗ್ತಾ ನಿಂತಿದ್ದ. ಹೊಳೆ ಮೇಲಿನ್ ಗಾಳಿ ತಣ್ಣಗೆ ಬೀಸ್ತಿತ್ತು. ಬೈಗಳು ಮೆಲ್ಲಕ್ಕಾಯ್ತು. ಬೈಗಳ ಮಧ್ಯೆ ಬಿಡುವು ಉದ್ದ ಆಯ್ತು. ಆಮೇಲೆ ಬಿಡುವೊಂದೇ ಉಳ್ಕೊಂತು. ನೋಡಿದ್ರೆ ದೊಡ್ಡವ್ವ ಕಾಲ್ ಮುದುರ್ಕೊಂಡು, ಬಾಯ್ ತಕ್ಕೊಂಡು ನಿದ್ದೆ.

ಉಡ್ಗಿ ನಡ್ಕೊಂಡು ನೀರಿಗೆ ಓದ್ಲು. ಮೊಣಕಾಲ್ ತಂಕ ಸೀರೆ ಎತ್ಕೊಂಡು ನಿಂತ್ಲು. ಬಗ್ಗಿ ಕೂಸಿನ್ ಪಾದ ನೀರಿಗೆ ಮುಟ್ಸಿ, "ನೋಡು, ನಮ್ಮವ್ವ ಕಳ್ಸವ್ಳೆ" ಅಂದ್ಲು. ಓವರ್ಸೀರು ನನ್ ಕೈಗೆ ಗಾಡಿ ಕೊಟ್ಟು ಅವ್ಳ ಪಕ್ಕಕ್ಕೋಗಿ ನಿಂತ. ಮುಂದೂ ಅಲ್ಲ, ಹಿಂದೂ ಅಲ್ಲ. ಅವತ್ತು ನನ್ ಬಾಯಲ್ಲೂ ಮಾತಿರ್ನಿಲ್ಲ. ನನ್ ಬಾಯಿಗೆ ಅಂಗಾಗಿದ್ದು ಅದೊಂದೇ ಸಲ.

ದೀಪ ಹಚ್ಚೋ ಹೊತ್ತಾಯ್ತು. ದೊಡ್ಡವ್ವನ್ನ ಎಬ್ಬುಸೋ ಧೈರ್ಯ ಯಾರಿಗೈತೆ. ಎಬ್ಬುಸಿದ್ರೆ ಬೈಗಳು ನಿಂತಿದ್ ಕಡೆಯಿಂದ ಮತ್ತೆ ಸುರುವಾಯ್ತದೆ. ಸೊಳ್ಳೆ ಪರದೆ ಎಳ್ದು, ಟಾಪು ಮುಚ್ಚಿ, ಅಂಗೇ ತಳ್ಕೊಂಡ್ ಹೊರಟ್ವಿ. ಓವರ್ಸೀರು ತಳ್ಳೋದು, ಪಕ್ಕದಲ್ಲೇ ಉಡ್ಗಿ, ಸೆರಗಿನ್ ಒಳ್ಗೆ ಕೂಸು. ಹೊಸ್ದಾಗಿ ಬಡ್ದಿದ್ ಬೀದೀಲಿ ಗಾಡಿ ಸದ್ದೇ ಇಲ್ದಂಗೆ ತೇಲ್ಕೊಂಡ್ ಓಯ್ತಿತ್ತು.

ಆ ಬೀದೀಲಿ ಒಬ್ರು ಪೆನ್ಸನ್ ಮೇಷ್ಟ್ರಿದ್ರು. ಓವರ್ಸೀರಿಗೆ ಅಕ್ಸರ ಕಲ್ಸಿದ್ದೋರು. ಎರಡೂ ಕಣ್ಗೂ ಪೊರೆ ಬಂದಿತ್ತು, ಆದ್ರೂ ಯಾರ್ ಮನೆ ಕೂಸು ಕಂಡ್ರೂ ಬಗ್ಗಿ ನೋಡಿ ಇದು ಇಂತೋರ್ನ ಓಲ್ತದೆ ಅಂತ ಏಳ್ಲೇಬೇಕು. ಗಾಡಿ ಕಂಡಿದ್ದೇ ಜಗ್ಲಿ ಇಳ್ದು ಬಂದ್ರು. ನಿದ್ದೆ ಮಾಡ್ತೈತೆ ಸಾ ಅಂದ ಓವರ್ಸೀರು. ಎಬ್ಬುಸಾಕಿಲ್ಲ ಕಣಯ್ಯ ಅಂತ ಮೇಷ್ಟ್ರು ಪರದೆ ಎತ್ತಿ, ಮುಖ ಒಳಿಕ್ಕಾಕಿ, ಮಬ್ಬು ಬೆಳಕಲ್ಲಿ ಚೆನ್ನಾಗ್ ನೋಡಿದ್ರು. ಹಲ್ಲಿಲ್ದ ಬಾಯಿ, ನಾಕ್ ಕೂದ್ಲು. ಕೆನ್ನೆ ಸವರಿದ್ರು.

"ಥೇಟ್ ಅಜ್ಜೀನೇ ಕಣಯ್ಯ" ಅಂದ್ರು. "ಗಂಟ್ಲೊಂದು ಅವ್ಳದ್ ಬರ್ದಿದ್ರೆ ಸಾಕು."

ದೊಡ್ಡವ್ವ ಕಣ್ ಬುಟ್ಲು.

ಮೇಷ್ಟ್ರು ಹಿಂದಕ್ ಸರ್ದ್ರು. ಓವರ್ಸೀರಿನ ಕೈ ಗಾಡಿ ಹಿಡೀಲೇ ಅಂಟ್ಕೊಂತು. ಉಡ್ಗಿ ತಂಗೆ ಗೊತ್ತಿಲ್ದಂಗೇ ಹತ್ ಮಾರು ಹಿಂದೋಗಿ ನಿಂತ್ಲು, ಒದ್ದೆ ಸೀರೆ ಅಂಚಿಂದ ಇನ್ನೂ ನೀರು ತೊಟ್ಟಿಕ್ತಿತ್ತು. ಇನ್ನು ಆ ಉಡ್ಗಿ ಹೊಳೆ ಕಂಡಂಗೇ ಐತೆ ಅಂತ ನಾನು ಒಂದ್ ಕಂಬ ಹಿಡ್ಕೊಂಡೆ.

ದೊಡ್ಡವ್ವ ಮೇಷ್ಟ್ರನ್ನ ನೋಡಿದ್ಲು. ಸೊಸೆ ಸೀರೆ ಅಂಚು ನೋಡಿದ್ಲು. ಟಾಪಿನ್ ಸಂದೀಲಿ ಕಾಣ್ತಿದ್ದ ಒಂದ್ ಚುಕ್ಕಿ ನೋಡಿದ್ಲು. ಸೆರಗು ಸರಿ ಮಾಡ್ಕೊಂಡು, ಕಾಲ್ನ ಇನ್ನೂ ಒಸಿ ಒಳಿಕ್ ಎಳ್ಕೊಂಡು, ಮಗಂಗೆ ಏಳಿದ್ಲು:

"ಯಾಕ್ಲಾ ನಿಂತ್ಬುಟ್ಟೆ? ತಿರುಗ್ಸು, ಇನ್ನೊಂದ್ಸಲ ಹೊಳೆ ತಾವ್ಕೆ ತಳ್ಳು. ಕೂಸ್ನ ಅವ್ಳೇ ಎತ್ಕೊಂಡ್ ಬರ್ಲಿ, ನಂಗಿನ್ನೂ ನಿದ್ದೆ ತೀರಿಲ್ಲ."