ಕರೆಂಟಿಲ್ಲದ ಮಾತು

ದಾವಣಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಹಯಾತ್ ಸಾಬರು ಇಪ್ಪತ್ತು ವರ್ಷದಿಂದ ಊರುಗಳ ಹೆಸರು ಕೂಗಿ ಬಸ್ಸು ತುಂಬಿಸುತ್ತಿದ್ದರು. ಆ ಗಂಟಲಿಗೆ ಸಂಚಕಾರ ಬಂದದ್ದು ಎಂಬತ್ತೈದನೇ ಇಸವಿಯಲ್ಲಿ, ಬಸ್ ಮಾಲೀಕ ಶಿವಮೂರ್ತಪ್ಪನವರು ಬೊಂಬಾಯಿಯಿಂದ ಮಾತಾಡುವ ಕಂಪ್ಯೂಟರ್ ತಂದ ದಿನ.

"ಇದಕ್ಕೆ ಇಂಗ್ಲಿಷ್ ಅಷ್ಟೇ ಬರ್ತತಿ ಸಾಬ್ರೆ, ಕನ್ನಡ ನೀವು ಕಲಿಸ್ರಿ. ಹನ್ನೊಂದಕ್ಕೆ ಪೂಜೆ. ಮಾತಾಡಿದ್ರೆ ಇದರ ಆಪರೇಟರ್ ನೀವೇ. ಮಾತಾಡ್ಲಿಲ್ಲ ಅಂದ್ರೆ ನೀವೇ ಕೆಡಿಸೀರಿ ಅಂತ ಮನೆಗೆ ಕಳಿಸ್ತೀನಿ!"

ಸಾಬರು ಒಂದೊಂದೇ ಸದ್ದು ಹೇಳಿಕೊಟ್ಟರು. ಗುಮಾಸ್ತ ಪಾಲಯ್ಯ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ. ಪೆಟ್ಟಿಗೆ ಮೂಗಿನಲ್ಲಿ, "ಹ್ಯಾ... ರಿ... ಹ್ಯಾರ್" ಅಂದಿತು.

"ನೆಗಡಿ ಆಗೇತ್ರಿ ಪಾಪ, ಶುಂಠಿ ಚಾ ಹಾಕ್ರಿ," ಎಂದಳು ಚಹಾದ ಅಂಗಡಿ ರಂಗವ್ವ. ಅಂತೂ ಹತ್ತೂವರೆಗೆ ಅದು "ಹರಿಹರ" ಎನ್ನಲು ಕಲಿಯಿತು.

ಹನ್ನೊಂದಕ್ಕೆ ಕಾಯಿ ಒಡೆದರು. ಕೌಂಟರಿನ ಮೇಲೆ ಹಾರದಲ್ಲಿ ಮುಳುಗಿದ ಪೆಟ್ಟಿಗೆ, ಕೆಳಗೆ ಸ್ವಿಚ್ಚಿನ ಹತ್ತಿರ ಮುದುಡಿಕೊಂಡ ಸಾಬರು. ಸ್ವಿಚ್ ಒತ್ತಿದರೆ ಕೆಂಪು ದೀಪ ಹತ್ತಲಿಲ್ಲ. ಅಯ್ಯೋ, ಕರೆಂಟೇ ಇಲ್ಲ!

"ಯಾಕ ಸುಮ್ನೈತಿ?" ಶಿವಮೂರ್ತಪ್ಪನವರ ದನಿ ಬಿಗಿಯಾಯಿತು.

ಸಾಬರು ಯಾರಿಗೂ ಕಾಣದಂತೆ ಕೌಂಟರಿನಡಿ ಇನ್ನೂ ಒಳಗೆ ಸರಿದರು. ಮೂಗು ಹಿಡಿದುಕೊಂಡು ಶುರುಮಾಡಿಯೇಬಿಟ್ಟರು: "ಹ... ರಿ... ಹರ! ನಂ... ದಿ... ಗುಡಿ!"

ಜನ ಚಪ್ಪಾಳೆ ಹೊಡೆದರು. ಬಸ್ಸಿಗೆ ಕಾಯುತ್ತಿದ್ದ ರಹಮತ್ ಬೀ ಬುರ್ಖಾ ಸರಿಸಿ ಪೆಟ್ಟಿಗೆಯನ್ನೇ ಕೇಳಿದಳು: "ಲೋಕಿಕೆರೆ ಬಸ್ ಕಬ್ ಆತೀ ಬಾವಾ?"

ಇಪ್ಪತ್ತು ವರ್ಷದ ಅಭ್ಯಾಸ, ಬಾಯಿ ಕೇಳಬೇಕಲ್ಲ! "ಪಾಂಚ್ ಮಿನಟ್ ಆಪಾ, ಬೈಠೋ!" ಎಂದಿತು ಪೆಟ್ಟಿಗೆ.

"ಹೇಳಿಕೊಡದಿದ್ರೂ ಉರ್ದು ಬಂತಲ್ರಿ!" ಎಂದು ಶಿವಮೂರ್ತಪ್ಪನವರು ಕುಣಿದಾಡಿದರು. ಎರಡು ಬಸ್ಸು ಅಲ್ಲೇ ತುಂಬಿದವು. ಕೆಲಸ ಉಳಿಯಿತೆಂದು ಸಾಬರು ಬೆವರು ಒರೆಸಿಕೊಂಡರು.

ಅಷ್ಟರಲ್ಲಿ ಪಾಲಯ್ಯ ಓಡಿಬಂದ. "ಸಾವ್ಕಾರ್ರೆ, ಹತ್ತೂ ಐವತ್ತಕ್ಕೇ ಕರೆಂಟ್ ಹೋಗೇತಿ!"

ಶಿವಮೂರ್ತಪ್ಪನವರು ಪೆಟ್ಟಿಗೆಗೆ ಕೈಮುಗಿದರು. "ಕರೆಂಟೂ ಬ್ಯಾಡೇನು ಇದಕ್ಕೆ! ಹಂಗಾದ್ರೆ ಸ್ವಿಚ್ ಹಾಕೋಕೆ ಆಪರೇಟರ್ ಯಾಕ ಬೇಕು? ಸಾಬ್ರೆ, ನಾಳೆಯಿಂದ ಬರಬ್ಯಾಡ್ರಿ."

ಸಾಬರು ಕೌಂಟರಿನಡಿಯಿಂದ ಎದ್ದು ಬಂದರು. "ಅಲ್ಲಾನಾಣೆ, ಮಾತಾಡಿದ್ದು ನಾನ್ರಿ! ಕೇಳ್ರಿ ಬೇಕಾದ್ರೆ," ಎಂದು ಮೂಗು ಹಿಡಿದು ಅರಚಿದರು: "ನಂ... ದಿ... ಗುಡಿ!"

ರಂಗವ್ವ ಬೆರಗಾಗಿ ಗಲ್ಲದ ಮೇಲೆ ಕೈಯಿಟ್ಟಳು.

"ಶಿವನೇ! ಒಂದೇ ಬೆಳಗಿನಾಗ ಆ ಮಿಷಿನ್ನು ಸಾಬ್ರಿಗೂ ಕಲಿಸಿಬಿಡ್ತಲ್ರಿ!"