ಷಡ್ಡಕರ ಕಿವಿ ಮತ್ತು ನನ್ನ ಸ್ಟೂಲ್

ನಮ್ಮ ಮನೆಯಲ್ಲಿ ನನಗಿದ್ದದ್ದು ಒಂದೇ ಒಂದು ಅಧಿಕಾರ. ಸ್ಟೂಲ್ ಹತ್ತುವ ಅಧಿಕಾರ. ಏನು ಅಡುಗೆ ಮಾಡಬೇಕು, ಯಾರ ಮನೆಯ ಮದುವೆಗೆ ಹೋಗಬೇಕು, ಆ ಮದುವೆಗೆ ನಾನು ಯಾವ ಅಂಗಿ ಹಾಕಿಕೊಳ್ಳಬೇಕು ಎಂಬ ಖಾತೆಗಳೆಲ್ಲ ನನ್ನ ಹೆಂಡತಿ ಗಿರಿಜೆಯ ಕೈಯಲ್ಲಿದ್ದವು. ಆದರೆ ಹೈದರಾಬಾದಿನ ತಾರ್ನಾಕದ ನಮ್ಮ ಫ್ಲ್ಯಾಟಿನ ಅಡುಗೆಮನೆಯ ಅಟ್ಟದಿಂದ ಏನಾದರೂ ಇಳಿಸಬೇಕಾದಾಗ ಮಾತ್ರ ಆಕೆ ನನ್ನ ಹತ್ತಿರ ಬಂದು, "ಏನ್ರಿ, ಸ್ವಲ್ಪ ಬರ್ರಿ" ಅನ್ನಲೇಬೇಕಿತ್ತು. ನಾನು ಪೇಪರ್ ಮಡಚಿಟ್ಟು, ಲುಂಗಿ ಎತ್ತಿ ಕಟ್ಟಿ, ಗಂಭೀರವಾಗಿ ಸ್ಟೂಲ್ ಏರುತ್ತಿದ್ದೆ. ಆಕೆ ಕೆಳಗೆ ನಿಂತು ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ಸರಕಾರಿ ಕಚೇರಿಯಿಂದ ನಿವೃತ್ತನಾದ ಮೇಲೆ ನನ್ನನ್ನು ಯಾರಾದರೂ ತಲೆ ಎತ್ತಿ ನೋಡುತ್ತಿದ್ದದ್ದು ಅಲ್ಲಿ ಮಾತ್ರ!

ಇಂಥ ಅಧಿಕಾರ ನನ್ನ ಕೈತಪ್ಪಿತು. ಕಾರಣ, ನನ್ನ ಷಡ್ಡಕರ ಕಿವಿ.

ಷಡ್ಡಕರೆಂದರೆ ಗಿರಿಜೆಯ ಅಕ್ಕ ಕಮಲಕ್ಕನ ಗಂಡ, ಚನ್ನಬಸಪ್ಪನವರು. ಇದೇ ಊರಿನ ಕುಷಾಯಿಗೂಡದಲ್ಲಿ ಮನೆ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ? ಕಲಬುರಗಿಯಲ್ಲಿ ಅತ್ತೆಯವರು ಬಡಿಸುವಾಗ ಅವರ ಹೋಳಿಗೆಯ ಮೇಲೆ ತುಪ್ಪ ಹರಿದು ಎಲೆಯ ಅಂಚು ಮುಟ್ಟುತ್ತಿತ್ತು. ನನ್ನ ಹೋಳಿಗೆಯ ಮೇಲೆ ತುಪ್ಪ ಬಿದ್ದಿದೆಯೋ ಇಲ್ಲವೋ ಎಂದು ನಾನು ಬಗ್ಗಿ ನೋಡಬೇಕಿತ್ತು. ಅವರ ತಲೆಯಲ್ಲಿ ಇನ್ನೂ ಕೂದಲಿದೆ. ಅವರ ಹಳೆಯ ಸ್ಕೂಟರ್ ಒಂದೇ ಕಿಕ್ಕಿಗೆ ಚಾಲೂ ಆಗುತ್ತದೆ. ಇಷ್ಟು ಸಾಲದೆಂದು ಮನುಷ್ಯ ಒಳ್ಳೆಯವರು ಬೇರೆ! ಬೈಯಬೇಕೆಂದರೂ ಒಂದು ಕಾರಣ ಸಿಗುವುದಿಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಭಾನುವಾರ ಚನ್ನಬಸಪ್ಪನವರು ನಮ್ಮ ಮನೆಗೆ ಬಂದು, ಗಿರಿಜೆ ಕರಿದ ಮಿರ್ಚಿ ಭಜಿ ಮುರಿಯುತ್ತ ಸಹಜವಾಗಿ ಬಾಂಬು ಹಾಕಿದರು.

"ಇಲ್ಲೇ ನಿಮ್ಮ ತಾರ್ನಾಕದಾಗ ಒಂದು ಸಂಶೋಧನಾ ನಡದೈತ್ರಿ. ಸಣ್ಣ ಹುಡುಗ್ರಿಂದ ಹಿಡದು ನಮ್ಮಂಥ ಮುದುಕ್ರ ತನಕ, ಯಾವ ವಯಸ್ಸಿನಾಗ ಕಿವಿ ಹೆಂಗ ಕೇಳ್ತಾವು, ಮೈ ತೋಲ, ಅಂದ್ರ ಬ್ಯಾಲೆನ್ಸ್, ಹೆಂಗ ಇರ್ತೈತಿ ಅಂತ ನೋಡಾಕತ್ತಾರ. ನಾನೂ ಹೋಗಿದ್ದೆ. ನನ್ನ ಕಿವಿ ನಲವತ್ತರವ್ರ ಕಿವಿ ಇದ್ದಂಗ ಐತಂತ. ಒಂಟಿಕಾಲ ಮ್ಯಾಲ ನಿಂತ್ರೂ ಅಲ್ಲಾಡಲಿಲ್ಲ ಅಂತ ಅಲ್ಲೆ ಪರೀಕ್ಷಾ ಮಾಡೂ ಹುಡುಗಿ ಭಾಳ ಖುಷಿ ಆದ್ಳು."

"ಹೌದಾ ಭಾವಾ!" ಎಂದು ಗಿರಿಜೆ ಅವರ ತಟ್ಟೆಗೆ ಇನ್ನೊಂದು ಭಜಿ ಹಾಕಿದಳು. ನನ್ನ ತಟ್ಟೆ ಖಾಲಿ ಇತ್ತು. ಅದು ಆಕೆಯ ಕಣ್ಣಿಗೆ ಬೀಳಲಿಲ್ಲ. "ಹಂಗಾದ್ರ ಈ ಸಲ ಕರಚಿಕಾಯಿ ಕರಿಯೂ ದೊಡ್ಡ ಕಡಾಯಿ ಅಟ್ಟದ ಮ್ಯಾಲಿಂದ ನೀವ ಇಳಿಸಿ ಕೊಡ್ರಿ. ಇವರು ಸ್ಟೂಲ್ ಹತ್ತಿದ್ರ ನನ್ನ ಜೀವದಾಗ ಜೀವ ಇರಂಗಿಲ್ಲ."

ನನ್ನ ಸ್ಟೂಲ್! ನನ್ನ ಕಡಾಯಿ! ಇಷ್ಟು ವರ್ಷ ಆಕೆ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದದ್ದು ಮೆಚ್ಚುಗೆಯಿಂದಲ್ಲ, ಗಾಬರಿಯಿಂದ ಎಂದು ನನಗೆ ಗೊತ್ತಾದದ್ದೇ ಆಗ.

"ನಾನೂ ಆ ಸಂಶೋಧನಾದಾಗ ಸೇರ್ತೀನಿ" ಎಂದು ಎದ್ದು ನಿಂತು ಘೋಷಿಸಿದೆ. "ನನ್ನ ಕಿವಿ, ನನ್ನ ತೋಲ, ಎರಡೂ ನೋಡ್ಲಿ. ಕಡಾಯಿ ಯಾರು ಇಳಿಸಬೇಕು ಅನ್ನೂದು ಆಮ್ಯಾಲ ತೀರ್ಮಾನ ಆಗ್ಲಿ!"

ಚನ್ನಬಸಪ್ಪನವರಿಗೆ ಬಹಳ ಸಂತೋಷವಾಯಿತು. ಅದೇ ಅವರ ಕೆಟ್ಟ ಗುಣ. "ಬರ್ರಿ, ಬರ್ರಿ! ನಿಮ್ಮ ವಯಸ್ಸಿನವ್ರು ಅವ್ರಿಗೆ ಬೇಕಾಗ್ಯಾರ. ನಾನ ಕರಕೊಂಡು ಹೋಗ್ತೀನಿ. ಅಲ್ಲೆ ಎಲ್ಲಾರೂ ನನ್ನ ಗುರುತಿನವ್ರ."

ಮರುದಿನದಿಂದ ನನ್ನ ತಾಲೀಮು ಶುರುವಾಯಿತು. ಒಂಟಿಕಾಲಲ್ಲಿ ಹಲ್ಲುಜ್ಜಿದೆ. ಒಂಟಿಕಾಲಲ್ಲಿ ಪೇಪರ್ ಓದಿದೆ. ಬಾಲ್ಕನಿಯಲ್ಲಿ ಕೊಕ್ಕರೆಯ ಹಾಗೆ ನಿಂತಿದ್ದಾಗ ಪಕ್ಕದ ಫ್ಲ್ಯಾಟಿನ ರೆಡ್ಡಿಗಾರು ಕೈಮುಗಿದು, "ಏ ವ್ರತಂ ಸಾರ್ ಇದಿ?" ಎಂದು ಭಕ್ತಿಯಿಂದ ವಿಚಾರಿಸಿದರು. ಇದು ಯಾವ ವ್ರತವೆಂದು ನಾನು ಹೇಗೆ ಹೇಳಲಿ? ಷಡ್ಡಕ ವ್ರತ ಎನ್ನಲೇ? ಸುಮ್ಮನೆ ಕಣ್ಣು ಮುಚ್ಚಿಕೊಂಡೆ. ಅವರು ಚಪ್ಪಲಿ ಕಳಚಿ ಇನ್ನೊಮ್ಮೆ ಕೈಮುಗಿದು ಒಳಗೆ ಹೋದರು.

ಗಿರಿಜೆಗೆ ಮಾತ್ರ ಈ ತಪಸ್ಸಿನ ಬಗ್ಗೆ ಗೌರವ ಬರಲಿಲ್ಲ. "ಹಾಲಿಟ್ಟೀನಿ, ನೋಡಕೋರಿ ಅಂದ್ರ ಒಂದು ಕಾಲು ಮ್ಯಾಲೆತ್ತಿ ಗ್ವಾಡಿ ನೋಡ್ಕೋತ ನಿಂತೀರಿ! ಹಾಲೆಲ್ಲಾ ಉಕ್ಕಿ ಕಟ್ಟಿಮ್ಯಾಲ ಹರದೈತಿ!" ಎಂದಳು. ಸಾಧಕರಿಗೆ ಇವೆಲ್ಲ ಇದ್ದದ್ದೇ.

ಗೊತ್ತುಮಾಡಿದ ದಿನ ಗಿರಿಜೆಯೂ ಸೇರಿ ಮೂವರೂ ಹೋದೆವು. ಅದು ಪ್ರಯೋಗಾಲಯಕ್ಕಿಂತ ಬಾಲವಾಡಿಯ ಹಾಗೆ ಕಂಡಿತು. ಒಂದು ಕಡೆ ಶಾಲೆಯ ಮಕ್ಕಳು, ಇನ್ನೊಂದು ಕಡೆ ಕಾಲೇಜಿನವರು, ಬೆಂಚಿನ ಮೇಲೆ ನಮ್ಮಂಥವರು. ಎರಡು ಜಡೆಯ ಪುಟ್ಟ ಹುಡುಗಿಯೊಂದು ಒಂಟಿಕಾಲಲ್ಲಿ ನಿಂತು, ಜೊತೆಗೆ ಬಿಸ್ಕತ್ತೂ ತಿನ್ನುತ್ತಿತ್ತು. ನನಗೆ ಆ ಮಗುವಿನ ಮೇಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಸಂಶೋಧನೆ ಮಾಡುತ್ತಿದ್ದ ಹುಡುಗಿಯ ಹೆಸರು ಸ್ವಾತಿ. ನಮ್ಮ ಷಡ್ಡಕರನ್ನು ಕಂಡದ್ದೇ ಅವಳ ಮುಖ ಅರಳಿತು. "ನಮಸ್ತೆ ಅಂಕುಲ್! ಬಾಗುನ್ನಾರಾ?" ಎಂದು ಅವರ ಕ್ಷೇಮ ಕೇಳಿದಳು. ನನ್ನ ಕಡೆ ತಿರುಗಿ ವಯಸ್ಸೆಷ್ಟು ಎಂದು ಕೇಳಿದಳು.

ಆಮೇಲೆ ಕಿವಿಯ ಒಂದು ಪ್ಲಾಸ್ಟಿಕ್ ಮಾದರಿ ಹಿಡಿದು ತೆಲುಗು, ಹಿಂದಿ ಬೆರೆಸಿ ವಿವರಿಸತೊಡಗಿದಳು. ಕೇಳುವ ಯಂತ್ರವೂ ಮೈಯ ತೋಲ ಕಾಯುವ ಯಂತ್ರವೂ ಒಳಗಿವಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವಂತೆ. ಶಂಖದಂಥದ್ದು ಕೇಳುವುದಕ್ಕೆ. ಬಳೆಯ ತುಂಡುಗಳಂಥ ಕೊಳವೆಗಳಲ್ಲಿ ನೀರಿನಂಥದ್ದು ಇದ್ದು, ನಾವು ತಿರುಗಿದರೆ ಅದೂ ತಿರುಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ನಾವು ಗರಗರ ತಿರುಗಿ ಥಟ್ಟನೆ ನಿಂತರೂ ಒಳಗಿನ ನೀರು ತಕ್ಷಣ ನಿಲ್ಲುವುದಿಲ್ಲ. ಈ ಕೊನೆಯ ಮಾತು ಬಹಳ ಮುಖ್ಯವಾದದ್ದು. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಎಲ್ಲ ಗೊತ್ತಿರುವವರ ಹಾಗೆ ಷಡ್ಡಕರು ತಲೆಯಾಡಿಸುವುದನ್ನು ನೋಡಿ ಉರಿದುಕೊಳ್ಳುವುದರಲ್ಲಿ ನಾನು ಮಗ್ನನಾಗಿದ್ದೆ.

"ಇದರಲ್ಲಿ ಪಾಸು ಫೇಲು ಇಲ್ಲ ಅಂಕುಲ್" ಎಂದಳು ಸ್ವಾತಿ. ಅವಳಿಗೆ ಷಡ್ಡಕರಿಲ್ಲವೆಂದು ಕಾಣುತ್ತದೆ.

ಮೊದಲು ಕಿವಿ. ಸದ್ದಡಗಿದ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಬಟನ್ ಕೊಟ್ಟಳು. ಎಷ್ಟೇ ಸಣ್ಣ ಸದ್ದು ಕೇಳಿದರೂ ಒತ್ತಬೇಕು. ಗಾಜಿನ ಕಿಟಕಿಯ ಆಚೆ ಅವಳು ಕೂತಿದ್ದಳು. ಅವಳ ಹಿಂದೆ ಗಿರಿಜೆ ಮತ್ತು ನಲವತ್ತರ ಕಿವಿಯ ಒಡೆಯರು ನಿಂತಿದ್ದರು. ಮೊದಲ ಕೆಲವು ಸದ್ದು ಚೆನ್ನಾಗಿಯೇ ಕೇಳಿದವು. ಬರಬರುತ್ತ ಸಣ್ಣಗಾದವು. ಆಗ ನನಗೊಂದು ಉಪಾಯ ಹೊಳೆಯಿತು. ಸದ್ದು ಬಿಡಲು ಅವಳು ಕೈ ಆಡಿಸಲೇಬೇಕಲ್ಲ? ಅವಳ ಕೈ ಅಲುಗಿದಾಗಲೆಲ್ಲ ಒತ್ತಿದೆ. ಒತ್ತಿದ್ದೇ ಒತ್ತಿದ್ದು! ನಲವತ್ತೇಕೆ, ನನ್ನದು ಇಪ್ಪತ್ತರ ಕಿವಿ ಎನಿಸಿಕೊಳ್ಳುತ್ತೇನೆ ಎಂದುಕೊಂಡೆ.

ಸ್ವಾತಿ ಬಾಗಿಲು ತೆರೆದು ಬಂದಳು. "ಅಂಕುಲ್, ನಾನು ಚಹಾ ಕುಡಿಯುವಾಗಲೂ ಒತ್ತಿದ್ದೀರಿ. ಜಡೆ ಸರಿಮಾಡಿಕೊಂಡಾಗಲೂ ಒತ್ತಿದ್ದೀರಿ. ಆಗೆಲ್ಲ ಸದ್ದೇ ಇರಲಿಲ್ಲ."

ನನ್ನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ ಮತ್ತೆ ಮಾಡಿದಳು. ಕೊನೆಗೆ, "ನಿಮ್ಮ ಕಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ" ಎಂದಳು. ವಯಸ್ಸಿಗೆ ತಕ್ಕಂತೆ! ಅವರಿಗೆ ನಲವತ್ತು, ನನಗೆ ನನ್ನ ವಯಸ್ಸೇ! ಮನೆಯಿಂದ ತಂದದ್ದನ್ನೇ ತಿರುಗಿ ಕೊಟ್ಟು ಕಳಿಸಿದ ಹಾಗಾಯಿತು.

ಇನ್ನು ಉಳಿದಿದ್ದದ್ದು ತೋಲ. ಅದರಲ್ಲಾದರೂ ಷಡ್ಡಕರನ್ನು ಮೀರಿಸದಿದ್ದರೆ ಕಡಾಯಿ ಹೋದಂತೆಯೇ. ಸ್ವಾತಿ ಮುಂದಿನ ಕೋಣೆ ಸಿದ್ಧಮಾಡುವವರೆಗೆ ಹೊರಗೆ ನಿಂತೆ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಗಣಪತಿ ಇದ್ದ. ಮೊರದಗಲದ ಆ ಕಿವಿಗಳನ್ನು ನೋಡಿ ಮೈ ಜುಮ್ಮೆಂದಿತು. ಕಿವಿಯ ಇಲಾಖೆಗೆ ಇವನಿಗಿಂತ ದೊಡ್ಡ ಅಧಿಕಾರಿ ಯಾರು? ನೇರವಾಗಿ ಇಲ್ಲಿಗೇ ಅರ್ಜಿ ಹಾಕಬೇಕು! ಕೈಮುಗಿದು, ಕಣ್ಣು ಮುಚ್ಚಿ, ನಿಂತಲ್ಲೇ ಆತ್ಮಪ್ರದಕ್ಷಿಣೆ ಶುರುಮಾಡಿದೆ. ಇಪ್ಪತ್ತೊಂದು ಸುತ್ತು ಎಂದು ಸಂಕಲ್ಪ. ನಡುವೆ ಷಡ್ಡಕರ ನಗು ಕೇಳಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡಿದೆ. ಅಷ್ಟರಲ್ಲಿ ಒಳಗಿನಿಂದ, "ಅಂಕುಲ್, ರಂಡಿ!" ಎಂದು ಸ್ವಾತಿ ತೆಲುಗಿನಲ್ಲಿ ಕರೆದಳು. ಬನ್ನಿ ಎಂದಳೆಂದು ದೇವರ ಲೆಕ್ಕ ಅರ್ಧಕ್ಕೆ ಬಿಡಲಾದೀತೇ? ಉಳಿದ ಸುತ್ತುಗಳನ್ನು ಬುಗುರಿಯ ವೇಗದಲ್ಲಿ ಮುಗಿಸಿ ಒಳಗೆ ನುಗ್ಗಿದೆ.

ಬಾಗಿಲು ಎರಡೆರಡಾಗಿ ಕಂಡಿತು. ಭಕ್ತಿಯ ಪರಿಣಾಮ ಎಂದುಕೊಂಡೆ.

ಬೀಳದಿರಲೆಂದು ಎಲ್ಲರಿಗೂ ಕಟ್ಟುವ ಒಂದು ಪಟ್ಟಿಯನ್ನು ನನ್ನ ಎದೆಗೂ ಸೊಂಟಕ್ಕೂ ಕಟ್ಟಿ, ಚಾವಣಿಯ ಕೊಕ್ಕೆಗೆ ಸಿಕ್ಕಿಸಿದರು. ಕಾಲಡಿಗೆ ಮೆತ್ತನೆಯ ಸ್ಪಂಜಿನ ದಿಂಡು ಇಟ್ಟರು. "ಕಣ್ಣು ಮುಚ್ಚಿ ನಿಲ್ಲಿ, ಕದಲಕಂಡಿ" ಎಂದಳು ಸ್ವಾತಿ. ಅಲುಗಬೇಡಿ ಎಂದು.

ನಾನು ಅಲುಗಲಿಲ್ಲ. ಹೈದರಾಬಾದೇ ತಿರುಗತೊಡಗಿತು! ಕಣ್ಣು ಮುಚ್ಚಿದ್ದೇ ತಡ, ನೆಲ ಎಡಕ್ಕೆ ಹೋಯಿತು, ನಾನು ಬಲಕ್ಕೆ ಹೋದೆ, ಕಾಲು ಇಬ್ಬರ ಮಾತನ್ನೂ ಕೇಳಲಿಲ್ಲ. ಮರುಕ್ಷಣ ನಾನು ಪಟ್ಟಿಯಲ್ಲಿ ಜೋತಾಡುತ್ತಿದ್ದೆ, ತಂತಿಗೆ ಒಣಹಾಕಿದ ಲುಂಗಿಯ ಹಾಗೆ. ಜೋತಾಡಿದ್ದು ಸಾಲದೆಂದು ಮೆಲ್ಲಗೆ ಒಂದು ಸುತ್ತು ತಿರುಗಿದೆ. ಲೆಕ್ಕ ತಪ್ಪಿದ್ದ ಪ್ರದಕ್ಷಿಣೆಯನ್ನು ಗಣಪತಿ ವಸೂಲು ಮಾಡಿಕೊಂಡನೋ ಏನೋ!

ಎರಡು ಜಡೆಯ ಹುಡುಗಿ ಚಪ್ಪಾಳೆ ತಟ್ಟಿತು. "ರೀ!" ಎಂದು ಗಿರಿಜೆ ಕೂಗಿದಳು. ಚನ್ನಬಸಪ್ಪನವರು ಒಂದೇ ಹೆಜ್ಜೆಗೆ ಬಂದು ನನ್ನನ್ನು ತಬ್ಬಿ ನಿಲ್ಲಿಸಿದರು. ನಾನು ಅವರ ಕೊರಳಿಗೆ ಜೋತುಬಿದ್ದೆ. ಆ ಮೆತ್ತನೆಯ ದಿಂಡಿನ ಮೇಲೆ ನನ್ನ ಭಾರವನ್ನೂ ಹೊತ್ತು ಮನುಷ್ಯ ಕಂಬದ ಹಾಗೆ ನಿಂತಿದ್ದರು. ನಗಲೂ ಇಲ್ಲ. "ಹೆದರಬ್ಯಾಡ್ರಿ, ನಾ ಹಿಡದೀನಿ" ಎಂದರು.

"ಬ್ಯಾಲೆನ್ಸ್ ಅಂದರೆ ಇದು!" ಎಂದಳು ಸ್ವಾತಿ. ನನಗಲ್ಲ, ಅವರಿಗೆ.

ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಅಂಕುಲ್, ಮೊದಲೂ ಹೀಗೆ ತಲೆ ತಿರುಗುತ್ತಿತ್ತೇ? ಈಗ ತಿರುಗಲು ಏನಾದರೂ ಕಾರಣ ಇತ್ತೇ?" ಎಂದು ಕೇಳಿದಳು. ಹೊರಗೆ ಮೂವತ್ತರ ಮೇಲೆ ಸುತ್ತು ತಿರುಗಿ ಬಂದೆ ಎಂದು ಆಗಲೇ ಹೇಳಿಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಷಡ್ಡಕರು ನೀರಿನ ಲೋಟ ಹಿಡಿದು ಎದುರಿಗೇ ನಿಂತಿದ್ದರು. ಅವರನ್ನು ಗೆಲ್ಲಲು ದೇವರಿಗೆ ಶಿಫಾರಸು ಮಾಡಿಸಿದೆ ಎಂದು ಅವರ ಮುಂದೆ ಹೇಗೆ ಹೇಳಲಿ?

"ಏನೂ ಇಲ್ಲಮ್ಮ" ಎಂದೆ.

"ಹಾಗಾದರೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಸ್ಟೂಲು, ಏಣಿ ಏನೂ ಹತ್ತಬೇಡಿ."

ಸ್ಟೂಲು! ಆ ಪದ ಗಿರಿಜೆಯ ಕಿವಿಗೆ ಎಷ್ಟು ಸ್ಪಷ್ಟವಾಗಿ ಬಿತ್ತೆಂದರೆ, ಆಕೆಯ ಕಿವಿಯನ್ನೂ ಪರೀಕ್ಷಿಸಬೇಕಿತ್ತು.

ಮನೆಗೆ ಬಂದ ಮೇಲೆ ನಾನು ನಿಜ ಹೇಳಿದೆ. ಗಿರಿಜೆ ನಂಬಲಿಲ್ಲ. "ದೇವರಿಗೆ ಪ್ರದಕ್ಷಿಣಿ ಹಾಕಿದವ್ರು ಯಾರರ ಬೀಳ್ತಾರೇನ್ರಿ? ಆರಾಮಿಲ್ಲಾಂದ್ರ ಆರಾಮಿಲ್ಲ ಅನ್ರಿ. ಅದಕ್ಯಾಕ ಪಾಪ ಗಣಪತಿ ಹೆಸರು ಕೆಡಿಸ್ತೀರಿ?" ಡಾಕ್ಟರು ನೋಡಿ ಏನೂ ತೊಂದರೆ ಇಲ್ಲವೆಂದರು. ಅದನ್ನೂ ನಂಬಲಿಲ್ಲ. ತಾನೇ ಕಣ್ಣಾರೆ ಕಂಡಿದ್ದಾಳಲ್ಲ!

ದೀಪಾವಳಿಗೆ ಮುಂಚೆ ಚನ್ನಬಸಪ್ಪನವರು ಬಂದರು. ನನ್ನ ಸ್ಟೂಲ್ ಹತ್ತಿದರು. ನಾನು ಕೊನೆಯ ಆಸೆಯಿಂದ, ಕೆಳಗೆ ಸ್ಟೂಲನ್ನಾದರೂ ಹಿಡಿದುಕೊಳ್ಳೋಣವೆಂದು ಮುಂದೆ ಬಂದೆ.

"ನೀವು ಮುಟ್ಟಬ್ಯಾಡ್ರಿ! ನೀವು ಬಿದ್ದು ಭಾವಾರನ್ನೂ ಕೆಡವಿಗಿಡವೀರಿ" ಎಂದು ಗಿರಿಜೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಸ್ಟೂಲ್ ಹಿಡಿದಳು. ನಾನು ಕುಳಿತಲ್ಲಿಂದ ತಲೆ ಎತ್ತಿ ಷಡ್ಡಕರನ್ನು ನೋಡಿದೆ. ಅವರು ಕಡಾಯಿ ಇಳಿಸಿ ಕೊಟ್ಟು, ಮೈಮೇಲಿನ ಧೂಳು ಜಾಡಿಸುತ್ತ ನಿಟ್ಟುಸಿರು ಬಿಟ್ಟರು.

"ನಿಮ್ಮದ ಛಲೋ ನೋಡ್ರಿ. ಆರಾಮ ಕುಂತೀರಿ. ನಮ್ಮ ಕಮಲಾ ನನ್ನ ತೋಲದ ಸುದ್ದಿ ಓಣಿಗೆಲ್ಲಾ ಹೇಳಿ ಬಿಟ್ಟಾಳ. ದಿನಾ ಒಬ್ಬರ ಮನಿ ಅಟ್ಟ ಹತ್ತಾಕತ್ತೀನಿ. ಖರೇ ಹೇಳ್ತೀನ್ರಿ, ನಿಮ್ಮನ್ನ ನೋಡಿದ್ರ ಹೊಟ್ಟಿಕಿಚ್ಚಾಗ್ತೈತಿ!"

ಚನ್ನಬಸಪ್ಪನವರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಮದುವೆಯಾದಂದಿನಿಂದ ನಾನು ಕಾಯುತ್ತಿದ್ದ ಮಾತು. ಆ ಸಂತೋಷಕ್ಕೆ ಎದ್ದು ನಿಂತೆ.

"ಏಳಬ್ಯಾಡ್ರಿ!" ಎಂದು ಗಿರಿಜೆ ಚೀರಿದಳು.

ಕುಳಿತೆ.