ಸೆಗಣಿಯಲ್ಲಿ ಕಟ್ಟಿದ ಪಾರ್ಕಿಂಗ್ ಫೀಸು

ವಿಮಾನದ ಪಾರ್ಕಿಂಗ್ ಫೀಸನ್ನು ಹಾಲು, ಸೆಗಣಿಯಲ್ಲಿ ಕಟ್ಟುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ, ಊರು ಹೆಡತಲೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಮುಚ್ಚಿಹೋದ ಯಾವುದೋ ವಿಮಾನ ತರಬೇತಿ ಶಾಲೆಯ ಹರಾಜಿಗೆ ಮಾವ ಹೋದದ್ದು ಕಬ್ಬಿಣದ ಬೀರು ತರಲು. ತಂದದ್ದು ಎರಡು ಸೀಟಿನ ವಿಮಾನ! ಎಂಜಿನ್ ಇರಲಿಲ್ಲ, ಅದೊಂದನ್ನು ಬಿಟ್ಟರೆ ಎಲ್ಲ ಸರಿಯಾಗಿತ್ತು. ಅಲ್ಲಿನ ಶೆಡ್ಡಿನಲ್ಲೇ ನಿಲ್ಲಿಸಲು ತಿಂಗಳ ಬಾಡಿಗೆ ಕೇಳಿ ಮಾವ ನಕ್ಕರಂತೆ.

“ಅಷ್ಟ್ ದುಡ್ಡಿಗೆ ನಂಜನಗೂಡಲ್ಲಿ ಮನೇನೇ ಸಿಕ್ತದೆ ಸಾ. ನಮ್ ಕೊಟ್ಗೆ ಏನ್ ಪಾಪ ಮಾಡ್ಯದೆ?”

ರೆಕ್ಕೆ ಕಳಚಿದ ವಿಮಾನ ಲಾರಿಯಲ್ಲಿ ಬಂತು. ಕೊಟ್ಟಿಗೆಯಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಮಾವ ಮೊದಲೇ ಅಳೆದಿದ್ದರು. ಎತ್ತಿನ ಗಾಡಿಯನ್ನು ಅಳೆಯುವಂತೆ, ಚಕ್ರದಿಂದ ಚಕ್ರಕ್ಕೆ! ರೆಕ್ಕೆ ಜೋಡಿಸಿದಾಗ ಒಂದು ಗೋಡೆಗೆ ತಾಗಿತು, ಇನ್ನೊಂದು ಗೋದಲೆಯ ಮೇಲೆ ಚಾಚಿಕೊಂಡಿತು. ಎರಡು ಹಸುಗಳು ಹೊರಗೆ ನಿಂತು ನೋಡಿದವು. ಗಾಳಿಗೆ ಅಲುಗಬಾರದೆಂದು ಮಾವ ಚಕ್ರಕ್ಕೆ ಹಗ್ಗ ಹಾಕಿ ಹಸುವಿನ ಗೂಟಕ್ಕೇ ಕಟ್ಟಿದರು.

“ರೆಕ್ಕೆ ಬಿಚ್ಚಿಡಿ ಮಾವ” ಎಂದೆ.

“ರೆಕ್ಕೆ ಇಲ್ದಿದ್ರೆ ಅದ್ನ ಇಮಾನ ಅಂತಾರೇನ್ಲಾ? ಸೀಮೆಎಣ್ಣೆ ಡ್ರಮ್ಮು ಅಂತಾರೆ!”

ಹೀಗಾಗಿ ಹಸುಗಳು ಬೀದಿಯ ತುದಿಯ ಪುಟ್ಟಮ್ಮನ ಕೊಟ್ಟಿಗೆಗೆ ಹೋದವು. ಬಾಡಿಗೆ ದಿನಕ್ಕೆ ಅರ್ಧ ಲೀಟರ್ ಹಾಲು. ಬಿದ್ದ ಸೆಗಣಿಯೆಲ್ಲ ಅವಳದೇ. ಮಂಡಿನೋವಿನ ಅತ್ತೆ ದಿನಕ್ಕೆರಡು ಸಲ ನೂರಾ ಹನ್ನೆರಡು ಹೆಜ್ಜೆ (ಎಣಿಸಿದ್ದೇನೆ) ನಡೆದು ಹಾಲು ಕರೆದು ತರಬೇಕಾಯಿತು.

“ದನ ಕಟ್ಟೋ ಜಾಗ್ದಲ್ಲಿ ಇಮಾನ ಕಟ್ಟವ್ರೆ ನಿಮ್ಮಾವ. ನಾಳೆ ಅದ್ಕೂ ಹುಲ್ಲಾಕು ಅಂತಾರೆ, ನೋಡ್ತಿರು!” ಎಂದರು ಅತ್ತೆ.

ಮೊನ್ನೆ ಬೆಳಿಗ್ಗೆ ನಾನು ತಿ. ನರಸೀಪುರದಿಂದ ಬಂದಿಳಿದಾಗ ಅತ್ತೆ ಹಾಲಿನ ಕ್ಯಾನು ಹಿಡಿದು ಬರುತ್ತಿದ್ದರು. ಮೋರಿಯ ಚಪ್ಪಡಿಯ ಮೇಲೆ ಕಾಲು ಜಾರಿತು. ಬಿದ್ದರು. ಕ್ಯಾನು ಉರುಳಿತು, ಹಾಲು ಮೋರಿಗೆ ಹರಿಯಿತು. ಮೂಳೆ ಮುರಿದಿರಲಿಲ್ಲ. ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆವು.

ಮಾವ ಸ್ಪ್ಯಾನರ್ ತೆಗೆದುಕೊಂಡು ಕೊಟ್ಟಿಗೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಗೋದಲೆಯ ಕಡೆಯ ರೆಕ್ಕೆ ಹಿತ್ತಲ ಗೋಡೆಗೆ ಒರಗಿತ್ತು; ಹಸುಗಳು ತಮ್ಮ ಹಳೆಯ ಜಾಗದಲ್ಲಿ ಮೆಲುಕು ಹಾಕುತ್ತಿದ್ದವು.

ಅತ್ತೆ ಕುಂಟುತ್ತ ಬಂದು ನೋಡಿದರು. “ಒಂದೇ ರೆಕ್ಕೇಲಿ ಹಾರ್ತದಾ ಇದು?”

ಮಾವ ಅವರ ಮುಖ ನೋಡದೆ ಸ್ಪ್ಯಾನರ್ ಒರೆಸುತ್ತಲೇ ಇದ್ದರು.

“ನಿನ್ ಬುಟ್ಟು ನಾನೆಲ್ಲಿಗೆ ಹಾರೋಗ್ಲಿ, ಬುಡಮ್ಮಿ.”